ಇಬ್ಬರು ತಾಯಂದಿರ ಹಾಲು ಕುಡಿದ ಟಗರು

ಮಾವನ ಕೆಮ್ಮು, ರುಮಾಲು ಸರಿಮಾಡಿಕೊಳ್ಳುವ ಗತ್ತು, ಮಾತಿಗೊಮ್ಮೆ ಬರುವ "ತಿಳೀತಿಲ್ಲ?" ಎಲ್ಲವನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವ್ವ. "ನನ್ನ ತಮ್ಮನ್ನ ಇನ್ನೊಮ್ಮಿ ಮಾಡೋ" ಎಂದು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಕೇಳುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದೆ, ಅಂದರೆ ಓದುವವರ ಅಣಕು ಮಾಡುತ್ತಿದ್ದೆ. ದೇವದುರ್ಗದ ಹತ್ತಿರದ ನಮ್ಮೂರಲ್ಲಿ ಅವ್ವನದೊಂದು ಸಣ್ಣ ಕುರಿ ಹಿಂಡು. ಮದುವೆಯಲ್ಲಿ ತವರಿನವರು ಕೊಟ್ಟ ಒಂದೇ ಕುರಿಯಿಂದ ಬೆಳೆದದ್ದು. ಅಪ್ಪ ಕೂಡ ಅದರ ಸುದ್ದಿಗೆ ಹೋಗುತ್ತಿರಲಿಲ್ಲ. ಆ ಹಿಂಡಿನ ಟಗರು ಸತ್ತಾಗ ಮಾನ್ವಿಯಿಂದ ಮಾವ ಒಂದು ಗಂಡುಮರಿ ತಂದ. ವಾರಿಗೆಯ ಮರಿಗಳ ನಡುವೆ ಪೈಲ್ವಾನನಂತಿತ್ತು.

"ಇದಕ್ಕ ಹುಟ್ಟಿದ್ದೆಲ್ಲ ಹಿಂಗ ಇರ್ತಾವ ಯಕ್ಕಾ, ತಿಳೀತಿಲ್ಲ? ಬದಲಿಗಿ ಆ ಕರಿಮೂತಿ ಕೊಡು, ಸಾಕು."

ಕರಿಮೂತಿ ಆ ತವರಿನ ಕುರಿಯ ಮರಿಮೊಮ್ಮಗಳು. ಅವಳಿ ಹಾಕಿದರೂ ಎರಡಕ್ಕೂ ಹೊಟ್ಟೆತುಂಬ ಹಾಲುಣಿಸುತ್ತಿದ್ದಳು. ಅವ್ವ ಅದರ ಹಣೆಗೆ ಕುಂಕುಮ ಹಚ್ಚಿ ಕಳಿಸಿದಳು.

ಹೊಸ ಮರಿ ದಿನವಿಡೀ ಅರಚುತ್ತಿತ್ತು, ಒಡೆದ ಸನಾದಿಯಂಥ ದನಿ. ಪಾಠ ಒಂದೂ ತಲೆಗೆ ಹತ್ತದ ನನಗೆ ಅದು ಬೇಗನೆ ಬಾಯಿಗೆ ಬಂತು.

ಕೆಲವು ದಿನಗಳ ಮೇಲೆ ಮಾನ್ವಿಗೆ ಹೋದಾಗ, ಮಾವನ ಹಟ್ಟಿಯಲ್ಲಿ ನಿಂತು ಅತ್ತೆಯನ್ನು ನಗಿಸಲೆಂದು ಆ ದನಿ ತೆಗೆದೆ. ಹಿಂಡಿನಿಂದ ಎರಡು ಕುರಿಗಳು ಒದರುತ್ತ ಓಡಿಬಂದು ನನ್ನ ಕೈ ಮೂಸತೊಡಗಿದವು.

"ಅತ್ತಿ, ಇದೇನು? ಒಂದ ಮರಿಗಿ ಇಬ್ರು ತಾಯಂದ್ರು?"

"ಇಬ್ರ ಹಾಲೂ ಕುಡದದಲ್ಲೋ ಅದು! ಹುಟ್ಟಿದಾಗ ಇಲಿಮರಿ ಇದ್ದಂಗಿತ್ತು. ಹೆತ್ತಾಕಿ ಅಕಿ. ಈಕಿ ಮರಿ ಸತ್ತಿತ್ತು, ಅದರ ತೊಗಲು ಇದಕ್ಕ ಹೊದಿಸಿದ್ವಿ. ವಾಸನಿ ಹಿಡದು, ತನ್ನದ ಅಂತ ಕುಡಸಿದ್ಲು."

ಪಕ್ಕದಲ್ಲಿದ್ದ ಮಾವ ಕೆಮ್ಮಿದ. ನಾನು ಅಣಕಿಸುತ್ತಿದ್ದ ಕೆಮ್ಮಲ್ಲ, ಬೇರೆಯದು.

ರಾಯಚೂರಿಗೆ ಬಂದವನೇ ದನದ ದವಾಖಾನೆಯ ಡಾಕ್ಟರನ್ನು ಕೇಳಿದೆ. ಮೈಸೂರು ಕಡೆಯವರು. "ನೋಡಪ್ಪಾ, ಮರಿ ದಪ್ಪ ಇದ್ರೆ ವಂಶ ಒಳ್ಳೇದು ಅಂತಲ್ಲ. ಆ ತೂಕದಲ್ಲಿ ತಾಯಿ ಹಾಲಿನ ಪಾಲೂ ಇರುತ್ತೆ. ಅದನ್ನ ಕಳೆದು ಉಳಿದದ್ದಷ್ಟೇ ಮರಿದು. ಇಲ್ಲಂತೂ ಎರಡು ತಾಯಿ ಹಾಲು! ಆದರೆ ಚೆನ್ನಾಗಿ ಹಾಲುಣಿಸೋ ಗುಣ ಇದೆಯಲ್ಲ, ಅದು ವಂಶದಲ್ಲಿ ಇಳಿದು ಬರುತ್ತೆ. ಅಂಥ ಕುರಿ ಇದ್ರೆ ಬಿಡಬೇಡಿ."

"ಬಿಟ್ಟೀವ್ರಿ ಸಾಹೇಬ್ರ."

ಅವ್ವನಿಗೆ ಇದನ್ನೆಲ್ಲ ಡಾಕ್ಟರ ದನಿಯಲ್ಲೇ ಹೇಳಿದೆ. ನಗಲಿಲ್ಲ. "ಸುಮ್ನಿರಲೇ. ನಾನೂ ಅಂವನೂ ಒಂದ ಅವ್ವನ ಹಾಲು ಕುಡದವ್ರು. ಅಂವ ನನಗ ಮೋಸ ಮಾಡ್ತಾನೇನು?"

ಟಗರು ಹಿಂಡಿನಲ್ಲೇ ಉಳಿಯಿತು. ಮುಂದಿನ ವರ್ಷ ಅದಕ್ಕೆ ಹುಟ್ಟಿದ ಮರಿಗಳಲ್ಲಿ ಕಿವಿ ಬಿಟ್ಟರೆ ದೊಡ್ಡದೇನೂ ಇರಲಿಲ್ಲ.

"ನಾನೂ ಹಂಗ ಅಲ್ಲೇನವ್ವಾ? ಸಣ್ಣಾಂವಿದ್ದಾಗ ಗುಂಡುಕಲ್ಲು, ಈಗ ತೊಗರಿ ಕಟಗಿ" ಅಂದೆ. ಅವಳು ಒಂದು ಮರಿಯ ಬೆನ್ನೆಲುಬಿನ ಮೇಲೆ ಬೆರಳಾಡಿಸುತ್ತ ಕೂತಿದ್ದಳು.

ನಾಗರ ಪಂಚಮಿಗೆ ಎಂದಿನಂತೆ ಮಾವ ತನ್ನಕ್ಕನನ್ನು ತವರಿಗೆ ಕರೆದೊಯ್ಯಲು ಬಂದ. ಅವ್ವನ ಸೀರೆಯ ಗಂಟು ಆಗಲೇ ಕಟ್ಟಿಟ್ಟಿತ್ತು. ಊಟಕ್ಕೆ ಬಡಿಸುತ್ತ ಕೇಳಿದಳು: "ಕರಿಮೂತಿ ಹೆಂಗದ?"

"ಏನ್ ಕೇಳ್ತಿ ಯಕ್ಕಾ! ಅವಳಿ ಹಾಕ್ಯಾಳ, ಎರಡೂ ಪೈಲ್ವಾನ್ರು!"

"ಅವಕ್ಕ ತಾಯಂದ್ರು ಎಷ್ಟ ಮಂದಿ?"

ಮಾವನ ಕೈ ತಾಟಿನಲ್ಲೇ ನಿಂತಿತು. ಅವ್ವ ಇನ್ನೊಂದು ರೊಟ್ಟಿ ಹಾಕಿದಳು. "ಉಣ್ಣು. ಬಸ್ಸಿಗಿ ಹೊತ್ತಾಗ್ತದ. ನಾ ಬರಂಗಿಲ್ಲ."

ಅವನು ಒಬ್ಬನೇ ಹೋದ. ಅವ್ವ ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಮರಳಿ ಇಡತೊಡಗಿದಳು. ನನಗೆ ಸುಮ್ಮನಿರಲು ಬಾರದು.

"ಮಾವನ್ನ ಮಾಡಿ ತೋರಸ್ಲೇನವ್ವಾ?"

"ಬ್ಯಾಡಪ್ಪಾ. ನೀ ಥೇಟ್ ಅಂವನಂಗ, ಭಾಳ ಬರೋಬ್ಬರಿ ಮಾಡ್ತಿ."