ಹುಣಸೆಹಣ್ಣು ಹಚ್ಚಿದ ಮಿಲಿಟರಿ ಚಾಕು

ಮಿಲಿಟರಿ ಚಾಕುವಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದವನು ಇಡೀ ಕಾಗವಾಡದಲ್ಲಿ ನಾನೊಬ್ಬನೇ. ಅಥಣಿಯಲ್ಲಿ ವಿಚಾರಿಸಲು ಧೈರ್ಯ ಸಾಲಲಿಲ್ಲ.

ನನ್ನ ಸೋದರಮಾವ, ಅಂದರೆ ಮಾಮಾ, ಫೌಜಿನಿಂದ ರಿಟೈರ್ ಆಗಿ ಬಂದಾಗ ಟ್ರಂಕಿನಲ್ಲಿ ಎರಡು ಮಡಚುವ ಚಾಕು ತಂದಿದ್ದ. ಎರಡೂ ಸರ್ಕಾರ ಕೊಟ್ಟವೇ. ಹಳೆಯದರ ಅಲಗು ಕಪ್ಪು. ಆಮೇಲೆ ಸಿಕ್ಕಿದ್ದು ಮದುವೆಯ ತಾಟಿನಂತೆ ಫಳಫಳ. ದ್ರಾಕ್ಷಿ ಗೊನೆ ಕೊಯ್ಯಲಿ, ಹಗ್ಗ ಹರಿಯಲಿ, ಮಾಮಾನ ಕೈಗೆ ಬರುತ್ತಿದ್ದದ್ದು ಕಪ್ಪು ಚಾಕುವೇ. ಚಿಕ್ಕಂದಿನಿಂದ ನನ್ನ ಕಣ್ಣೂ ಅದರ ಮೇಲೆಯೇ.

ಕಣ್ಣಿನ ಪೊರೆ ತೆಗೆಸಲು ಮಿರಜಕ್ಕೆ ಹೊರಟಾಗ ಎರಡನ್ನೂ ನನ್ನ ಕೈಗಿಟ್ಟ.

"ಅಳಿಯಾ, ನಾ ಬರೂತನಾ ಜ್ವಾಕಿ ಮಾಡು. ಬಂದಮ್ಯಾಲೆ ಕರಿ ಚಾಕು ನಿಂದ."

ನನಗಿದ್ದ ಕೊರಗು ಬಣ್ಣದ್ದು. ನಮ್ಮ ಮನೆಯಲ್ಲಿ ಸ್ಟೀಲ್ ಅಂದರೆ ಹೊಳೆಯಬೇಕು, ಹೊಳೆಯದಿದ್ದರೆ ಯಾರೋ ತೊಳೆದಿಲ್ಲ ಎಂದರ್ಥ. ಅವ್ವ ಹಿತ್ತಾಳೆ ಕೊಡಕ್ಕೆ ಮಾಡುವಂತೆ ಕಪ್ಪು ಚಾಕುವಿಗೆ ಹುಣಸೆಹಣ್ಣು, ಉಪ್ಪು ಮೆತ್ತಿ ತಿಕ್ಕಿ ಬಿಸಿಲಿಗಿಟ್ಟೆ. ಉಂಡು ಮಲಗಿ ಎದ್ದು ನೋಡಿದರೆ ಅಲಗು ಕುಡಚಿ ಸ್ಟೇಷನ್ನಿನ ಹಳೇ ಹಳಿಯ ಬಣ್ಣಕ್ಕೆ ತಿರುಗಿತ್ತು.

ಅಲ್ಲಿಗೆ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಗೆಳೆಯನ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರಿಗೆ ಹಿಡಿದೆ. ತುಕ್ಕು ಹೋಯಿತು. ಅಂಚು ಕಾದು ನವಿಲಿನ ಕೊರಳಂತೆ ನೀಲಿಯಾಯಿತು.

"ಮಸ್ತ್ ಬಂತಲ್ಲೋ ದೋಸ್ತಾ!" ಎಂದ ಗೆಳೆಯ. ನಾನೂ ಒಪ್ಪಿದೆ.

ಮನೆಗೆ ಬಂದು ಟೊಮೆಟೊ ಕೊಯ್ದೆ. ಮೊದಲನೆಯದನ್ನು ಕೊಯ್ದಿತು. ಎರಡನೆಯದರ ಮೇಲೆ ಒರಗಿಕೊಂಡಿತು. ಕಲ್ಲಿಗೆ ಮಸೆದೆ. ಮತ್ತೆ ಒಂದು ಟೊಮೆಟೊ, ಮತ್ತೆ ವಿಶ್ರಾಂತಿ.

ಮಾಮಾ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದ. ಕಂಡೀತೆಂದು ಹೆದರಿ ಪಟ್ಟಿ ಇದ್ದ ಕಡೆಯಿಂದ ಎರಡೂ ಚಾಕು ಚಾಚಿದೆ. ಅವನು ನೋಡಲೇ ಇಲ್ಲ. ಹಳೆಯದನ್ನು ಬಿಚ್ಚಿ, ಹಿಡಿಕೆಯ ಸಂದಿ ಮೂಸಿದ.

"ಸಾರ ಮಾಡಿದಿ ಏನಲೇ ಇದನ್ನ?"

ಎಲ್ಲ ಹೇಳಿದೆ. ಗ್ರೈಂಡರಿನ ವಿಷಯ ಬಂದಾಗ ಮಾತ್ರ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡ.

"ಇದು ನಿಮ್ಮವ್ವನ ಡಬ್ಬಿ ಸ್ಟೀಲ್ ಅಲ್ಲೋ, ಪೋಲಾದ ಉಕ್ಕು. ಆ ಕರಿ ಬಣ್ಣಾನ ತುಕ್ಕ ತಡೀತಿತ್ತು. ಅದನ್ನ ತಿಕ್ಕಿ ತಗದಿ. ಮ್ಯಾಲ ಕಾಸಿ ಹದಾನೂ ಕೆಡಿಸಿದಿ."

ಕಪ್ಪಾಗಿದ್ದ ಚಾಕು ಮಡಚಿ ಜೇಬಿಗಿಳಿಸಿದ. ಫಳಫಳ ಚಾಕು ನನ್ನ ಅಂಗೈಗಿಟ್ಟು ಬೆರಳು ಮಡಚಿದ.

"ಇದು ನಿಂದ. ಡಬ್ಬಿ ಸ್ಟೀಲಿಂದು, ಮಸದ್ರ ಲಗೂನ ಧಾರ ಬರೂದಿಲ್ಲ, ಆದ್ರ ನೀ ಏನ ಮಾಡಿದ್ರೂ ಇದಕ್ಕ ಏನೂ ಆಗೂದಿಲ್ಲ. ಫೌಜದಾಗೂ ನಿನ್ನಂಥಾವ್ರು ಭಾಳ ಮಂದಿ ಇದ್ರು. ಅವರ ಸಲುವಾಗೇ ಸರ್ಕಾರ ಇದನ್ನ ಕೊಡಾಕ ಚಾಲೂ ಮಾಡಿದ್ದು."