ಕಿಟಕಿ ಪಕ್ಕದ ಜಗಲಿ

"ಆ ಮನೆಗೆ ಕಳ್ಳ ನುಗ್ಗಿದ್ರೆ ಅಯ್ಯೋ ಪಾಪ ಅಂತ ತಾನೇ ಏನಾದ್ರೂ ಇಟ್ಟು ಹೋಗ್ತಾನೆ" ಎಂದು ನೆರೆಹೊರೆಯವರು ನಗುತ್ತಿದ್ದರು. ಬಿಳಿ ಗೋಡೆ, ಕಮಾನಿನ ಬಾಗಿಲು, ಮನೆ ತುಂಬ ಬೆಳಕು; ಎತ್ತಿಕೊಂಡು ಹೋಗುವಂಥ ಸಾಮಾನು ಮಾತ್ರ ಒಂದೂ ಇಲ್ಲ. ಹೀಗೇ ಇರಬೇಕೆಂದು ಹಟ ಹಿಡಿದವಳು ಮನೆಯೊಡತಿ. ಮಂಚ, ಕಪಾಟು, ಕಿಟಕಿ ಪಕ್ಕ ಕೂರುವ ಜಗಲಿ ಎಲ್ಲವನ್ನೂ ಗೋಡೆಗೇ ಸೇರಿಸಿ ಕಟ್ಟಿದವನು ಗಾರೆ ಕೆಲಸದ ಅವಳ ಗಂಡ. ಮಗಳ ತಲೆಗೆ ತಾಗೀತೆಂದು ಜಗಲಿಯ ಅಂಚನ್ನು ಅಂಗೈಯಿಂದಲೇ ಉಜ್ಜಿ ದುಂಡಗೆ ಮಾಡಿದ್ದ.

ಅವನು ತೀರಿಕೊಂಡ ಮೇಲೆ ಮನೆ ಮಾರಿದಳು. ಕೊಂಡವರು ಜಗಲಿ ಒಡೆದು ಸೋಫಾ ಹಾಕಿಬಿಟ್ಟರೆ ಎಂಬುದೊಂದೇ ಅವಳ ಸಂಕಟ.

ತನ್ನ ಬಳಿ ಉಳಿದಿದ್ದ ಇನ್ನೊಂದು ಕೀಲಿ ಕೊಡಲು ಅವಳು ಬಂದಾಗ, ಕೊಂಡವನ ಮುದಿ ತಂದೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ.

"ಏಳಪ್ಪ, ಹೋಗೋಣ" ಎಂದ ಮಗ.

"ನೀ ಹೋಗೋ! ನನ್ನ ಬೆನ್ನಿಗೆ ಒಪ್ಪೋ ಜಾಗ ಈಗ ಸಿಕ್ಕಿದೆ."

"ಸ್ವಲ್ಪ ಆ ಕಡೆ ಜರುಗಿ ಯಜಮಾನ್ರೇ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದಳು ಅವಳು. ಕೀಲಿಯನ್ನು ಮುದುಕನ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು.