ಬಾಂಬರಿನ ಬಾಲಕ್ಕೆ ಬಟ್ಟೆ ಮಡಿಸುವ ಕೈ

ನಾರ್ತ್ ಡಕೋಟದ ವಾಯುನೆಲೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪ್ಯಾರಾಚೂಟ್ ಮಡಿಸುವ ಕೋಣೆಯಲ್ಲಿ ಆರ್ಡಿಸ್ ಕ್ವಾಮ್ಮೆ ದೀಪ ಹಾಕಿ, ಕೊಕ್ಕೆಗಳಲ್ಲಿ ತೂಗುವ ಸೀಸದ ಗುಂಡಿನ ಚೀಲಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಾರೆ. ಹನ್ನೊಂದು. ಮತ್ತೆ ಎಣಿಸುತ್ತಾರೆ. ಹನ್ನೊಂದೇ.

ಅರ್ಧ ಭೂಮಿ ಸುತ್ತಿ ಬರುವ ಎಂಟು ಎಂಜಿನ್ನಿನ ಬಾಂಬರ್ ನೆಲಕ್ಕಿಳಿದಾಗ, ಬಾಲದಿಂದ ಹೊರಬಿದ್ದು ಅರಳಿ ಅದರ ಓಟ ತಗ್ಗಿಸುವ ಪ್ಯಾರಾಚೂಟನ್ನು ಮಡಿಸುವುದು ಅವರ ಕೆಲಸ. ಮಡಿಕೆ ಜಾರದಂತೆ ಮೇಲೆ ಹನ್ನೆರಡು ಚೀಲ ಹೇರಬೇಕು. ಕಟ್ಟುವ ಮುನ್ನ ಹನ್ನೆರಡನ್ನೂ ತೆಗೆದು, ಎಣಿಸಿ, ಚೀಟಿಗೆ ಸಹಿ ಹಾಕಬೇಕು. ಗುರುವಾರ ಇಳಿದ ವಿಮಾನದ ಬಟ್ಟೆ ಅರಳಲಿಲ್ಲ. ಬರೀ ಬ್ರೇಕಿನ ಮೇಲೇ ನಿಲ್ಲಿಸಬೇಕಾಗಿ ಬಂದು ಚಕ್ರಗಳು ಹೊತ್ತಿಕೊಂಡವು, ರನ್‌ವೇ ಮುಗಿಯುವ ಹೊತ್ತಿಗೆ ವಿಮಾನ ಹೇಗೋ ನಿಂತಿತು. ಒಳಗಿದ್ದ ಐವರು ಬದುಕಿದರು. ಚೀಟಿಯಲ್ಲಿದ್ದದ್ದು ಆರ್ಡಿಸ್ ಸಹಿ. ಒಂಬತ್ತಕ್ಕೆ ತನಿಖೆಯವರು ಬರುತ್ತಾರೆ. ತಪ್ಪು ಇವರದೆಂದಾದರೆ ಮಡಿಸುವ ಮೇಜು ಕೈಬಿಟ್ಟುಹೋಗುತ್ತದೆ.

ಗೋಧಿ ಬೆಳೆಯುವವರ ಮಗಳು. ಅಪ್ಪನ ಜೊತೆ ರಾಶಿಗೆ ಹೊದಿಸುವ ಟಾರ್ಪಾಲು ಮಡಿಸಿ ಪಳಗಿದ ಕೈ. ಮೂವತ್ತೊಂದು ವರ್ಷದಲ್ಲಿ ಆರು ಸಾವಿರಕ್ಕೂ ಹೆಚ್ಚು ಪ್ಯಾರಾಚೂಟ್ ಮಡಿಸಿದೆ. ಹೆಬ್ಬೆರಳ ಬುಡ ಸದಾ ಊದಿಕೊಂಡಿರುತ್ತದೆ. ಅವರಿಗಿಂತ ಎರಡು ವರ್ಷ ಹಿರಿಯದಾದ ವಿಮಾನಕ್ಕೆ ಹೊಸ ರೇಡಾರು ಬಂದಿದೆ, ಎಂಜಿನ್ನೂ ಹೊಸವು ಬರಲಿವೆಯಂತೆ. "ಎಲ್ಲಾ ಬದಲಾಯಿಸ್ತಾರೆ, ಬಾಲಕ್ಕೆ ಮಾತ್ರ ನಾನೇ ಆಗ್ಬೇಕು," ಎನ್ನುತ್ತಾರೆ.

ಜೊತೆಗಾರ ಡೆಲ್ಮರ್ ಫೈಸ್ಟ್ ಬರುತ್ತಾರೆ. ಆರ್ಡಿಸ್ ಕಾಸಿದ ಅಂಟಿನಂಥ ಕಾಫಿಯನ್ನು ಚಕ್ರಕ್ಕೆ ಹೊಯ್ದರೆ ಬ್ರೇಕೇ ಬೇಡವೆಂದು ಎಂದಿನಂತೆ ಹಂಗಿಸುತ್ತಾರೆ. ಆರ್ಡಿಸ್ ನಗುವುದಿಲ್ಲ. ಮೇಜಿನ ಮೇಲೆ ಗಂಟಾಗಿ ಬಿದ್ದಿರುವ ಗುರುವಾರದ ಬಟ್ಟೆಯನ್ನು ಮೇಲಿನಿಂದಲೇ ಒತ್ತುತ್ತಾ ಹೋಗುತ್ತಾರೆ. ಒಂದು ಕಡೆ ಕೈ ನಿಲ್ಲುತ್ತದೆ. ಹಗ್ಗಗಳ ನಡುವೆ ಸಿಕ್ಕಿಕೊಂಡ ಚೀಲ.

ಡೆಲ್ಮರ್ ದನಿ ತಗ್ಗಿಸುತ್ತಾರೆ. "ಎಳೆದು ಕೊಕ್ಕೆಗೆ ಹಾಕ್ಬಿಡ್ತೀನಿ ಕಣೇ. ಇಲ್ಲಿರೋದು ನಾವಿಬ್ರೇ."

"ವಿಮಾನದಲ್ಲಿ ಐದು ಜನ ಇದ್ರಲ್ಲ ಮಾರಾಯ."

ಒಂಬತ್ತಕ್ಕೆ ಬಂದವರು ಕೋಟು ಬಿಚ್ಚುವ ಮೊದಲೇ ಆರ್ಡಿಸ್ ಆ ಜಾಗ ತೋರಿಸುತ್ತಾರೆ. "ಅವತ್ತು ನಾನು ಎಣಿಸ್ಲಿಲ್ಲ. ಕೈ ಮುಟ್ಟೋ ಮೊದ್ಲೇ ಬಾಯಿ ಹನ್ನೆರಡು ಅಂದ್ಬಿಡ್ತು."

ಅರವತ್ತು ದಿನ ಮೇಜು ಮುಟ್ಟುವಂತಿಲ್ಲ. ಆಮೇಲೆ ಹೊಸಬರ ಸಾಲಿನಲ್ಲಿ ಕೂತು ಪರೀಕ್ಷೆ ಕೊಡಬೇಕು. ಈಗ ಅವರು ಒದ್ದೆ ಬಟ್ಟೆಗಳನ್ನು ಒಣಹಾಕುತ್ತಾರೆ, ನೆಲ ಗುಡಿಸುತ್ತಾರೆ. ನಾಚಿಕೆಯಾಗುತ್ತದೆಯೇ ಎಂದರೆ, ಆಗದೆ ಇರುತ್ತದೆಯೇ ಎಂದು ಪೊರಕೆ ಗೋಡೆಗೆ ಒರಗಿಸುತ್ತಾರೆ.

"ಪಾಸಾದ್ರೆ ಮೊದ್ಲು ಅದೇ ವಿಮಾನದ್ದು ಕೊಡಿ ಅಂತ ಕೇಳಿದೀನಿ. ಮಡಿಸಿದ್ದು ಯಾರು ಅಂತ ಆ ಐದು ಜನಕ್ಕೂ ಮೊದ್ಲೇ ಹೇಳಿ ಅಂದಿದೀನಿ. ಬೇಡ ಅನ್ನೋದಾದ್ರೆ ಅವ್ರೇ ಅನ್ಲಿ."